ಬಿಳಿ ಗೆರೆ ಮೇಲಕ್ಕೆ

ಹದಿನಾಲ್ಕು ವರ್ಷ ನಾವಿಬ್ಬರೂ ಒಂದೇ ಟೇಬಲ್ಲಿನ ಎರಡು ಕಡೆ ಕೆಲಸ ಮಾಡಿದೆವು. ನಾನು ರೋಗಿಯ ತಲೆಯ ಹತ್ತಿರ, ಅವರು ಹೊಟ್ಟೆಯ ಹತ್ತಿರ. ಅರಿವಳಿಕೆ ಕೊಟ್ಟು ಮಲಗಿಸುವುದು, ಮತ್ತೆ ಎಬ್ಬಿಸುವುದು ನನ್ನ ಕೆಲಸ. ನಡುವೆ ಕೊಯ್ದು ಹೊಲಿಯುವುದು ಅವರದು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕಡೆಯ ಒಂದು ಆಸ್ಪತ್ರೆ. ನಾನು ನಿವೃತ್ತಳಾಗಿ ಕೆಲವು ವರ್ಷ ಆದವು. ಅವರು ಹೋದ ಮಾರ್ಚಿಯಲ್ಲಿ ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ಬಾಟಲಿಗಳ ವಿಷಯ ಬರುತ್ತದೆ, ಧಾರವಾಡದಲ್ಲಿ ಓದುವವರಿದ್ದಾರೆ, ಬೇಡ ಎಂದು ಅವರ ಹೆಂಡತಿ ಕೇಳಿಕೊಂಡಿದ್ದಾರೆ. ಆಪರೇಷನ್ ಥಿಯೇಟರಿನ ಸಿಸ್ಟರುಗಳು ಅವರನ್ನು ಬೆನ್ನ ಹಿಂದೆ 'ಮಿಸ್ಟರ್ ಪೋರ್ಟ್' ಅನ್ನುತ್ತಿದ್ದರು. ಪೋರ್ಟ್ ಅಂದರೆ ಪೋರ್ಚುಗಲ್ಲಿನ ಸಿಹಿ ವೈನು. ಇಲ್ಲಿ ಸರ್ಜನ್ನರು ಡಾಕ್ಟರಲ್ಲ, ಮಿಸ್ಟರ್. ಆ ಹೆಸರು ಅವರಿಗೂ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಚಪಾತಿಯನ್ನು ಸುರುಳಿ ಸುತ್ತಿ ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದರು. ಲಿಫ್ಟಿನ ಗುಂಡಿಯನ್ನು ಮೂರು ಸಲ ಒತ್ತಿ, ಅದು ಬರುವ ಮೊದಲೇ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಕಾರನ್ನು ನಿಲ್ಲಿಸುತ್ತಿರಲಿಲ್ಲ, ಬಿಟ್ಟು ಹೋಗುತ್ತಿದ್ದರು. ಹಿಂದಿನ ಚಕ್ರ ಯಾವಾಗಲೂ ಇನ್ನೊಬ್ಬರ ಜಾಗದಲ್ಲಿ. ಆದರೆ ಕೈಗೆ ಗ್ಲೌಸ್ ಏರಿತೋ, ಮೊಣಕೈಯಿಂದ ಕೆಳಗೆ ಬೇರೆಯೇ ಮನುಷ್ಯ. ಅಂಥ ಸಮಾಧಾನದ ಕೈ ನಾನು ಇನ್ನೊಂದು ಕಂಡಿಲ್ಲ. ಅದೇ ಹೊತ್ತಿಗೆ ಟೇಬಲ್ಲಿನ ಕೆಳಗೆ ಕಾಲು ತಾಳ ಹಾಕುತ್ತಿರುತ್ತಿತ್ತು, ಟಕ್ ಟಕ್ ಟಕ್.

ನಾನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಐದೂವರೆಗೆ ಗಂಟೆ, ಆರಕ್ಕೆ ಪ್ರಾರ್ಥನೆ, ಶನಿವಾರ ಹಿತ್ತಾಳೆ ಉಜ್ಜುವುದು, ಭಾನುವಾರ ಪೆಟ್ಟಿಗೆ ತೆಗೆದು ಒರೆಸಿ ಮತ್ತೆ ಜೋಡಿಸುವುದು. ಆ ಗಂಟೆ ಈಗಲೂ ನನ್ನ ತಲೆಯಲ್ಲಿ ಹೊಡೆಯುತ್ತದೆ. ಸಟನ್ ಕೋಲ್ಡ್‌ಫೀಲ್ಡಿನ ನನ್ನ ಮನೆಯಲ್ಲಿ ಯಾವ ಚಮಚ ಯಾವ ದಿಕ್ಕಿಗೆ ಮಲಗಬೇಕು ಎಂಬುದಕ್ಕೂ ನಿಯಮವಿದೆ. ಬಂದವರು ನಗುತ್ತಾರೆ. ನಗಲಿ.

ಪೋರ್ಟಿನ ಹುಚ್ಚು ಅವರಿಗೆ ಹತ್ತಿದ್ದು ಮಗಳಿಂದ. ಮಗಳಿಗೆ ಮೂರು ತುಂಬಿದಾಗ ಅವರ ಮೇಲಧಿಕಾರಿಯಾಗಿದ್ದ ಮುದುಕ ಇಂಗ್ಲಿಷ್ ಸರ್ಜನ್ನರು ಹನ್ನೆರಡು ಬಾಟಲಿಗಳ ಮರದ ಪೆಟ್ಟಿಗೆಯೊಂದನ್ನು ಕಳಿಸಿದರಂತೆ. ಮಗು ಹುಟ್ಟಿದ ವರ್ಷದ ಪೋರ್ಟ್ ವೈನು. ಇದು ಇಲ್ಲಿನ ಹಳೆಯ ಮನೆತನಗಳ ಪದ್ಧತಿ. ಮಗುವಿಗೆ ಇಪ್ಪತ್ತೊಂದು ತುಂಬಿದ ದಿನ ತೆರೆಯಬೇಕು, ಅಲ್ಲಿಯವರೆಗೆ ಕತ್ತಲಲ್ಲಿ ಮಲಗಿರಬೇಕು. ನಮ್ಮವರು ಆವರೆಗೆ ಬಿಯರ್ ಕೂಡ ಮುಟ್ಟಿದವರಲ್ಲ. ಇಪ್ಪತ್ತೊಂದು ವರ್ಷ ಕಾಯಬೇಕಾದಂಥದ್ದು ಇದರಲ್ಲಿ ಏನಿದೆ ಎಂದು ಲೈಬ್ರರಿಯಿಂದ ಒಂದು ಪುಸ್ತಕ ತಂದರು. ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಕುಡಿಯುತ್ತಿದ್ದದ್ದು ಶನಿವಾರ ಒಂದು ಸಣ್ಣ ಗ್ಲಾಸು, ಅಷ್ಟೇ. ಮಾತಾಡುತ್ತಿದ್ದದ್ದು ಏಳು ದಿನವೂ.

ಬೇರೆಯವರ ಎದುರು ಅವರದು ಬೆಂಗಳೂರಿನ ಸಪಾಟು ಕನ್ನಡ. ಪೋರ್ಟ್ ಬಂತೆಂದರೆ ಧಾರವಾಡ ಬರುತ್ತಿತ್ತು.

"ನೋಡ್ರಿ ಅಕ್ಕಾರ, ದ್ರಾಕ್ಷಿ ರಸ ಉಕ್ಕಲಿಕ್ಕೆ ಹತ್ತಿರ್ತದ. ಎರಡು ದಿನ, ಮೂರು ದಿನ. ಅರ್ಧ ಸಕ್ಕರಿ ಇನ್ನೂ ಉಳದಿರ್ತದ. ಆಗ ನಡುವ ಬ್ರಾಂದಿ ಸುರದ್ಬಿಡ್ತಾರ. ಉಕ್ಕೋದು ನಿಂತ್ತು. ಸಿಹಿ ಒಳಗ ಉಳೀತು."

"ಅಂದ್ರೆ ಅರಿವಳಿಕೆ ಕೊಡ್ತಾರೆ ಅನ್ನಿ" ಎಂದೆ.

"ಅರಿವಳಿಕಿ ಕೊಟ್ಟವರು ಎಚ್ಚರ ಆಗ್ತಾರ್ರೀ. ಇದು ಖೂನಿ."

ಕಾಫಿ ರೂಮಿನಲ್ಲಿ, ಕಾರಿಡಾರಿನಲ್ಲಿ, ಪಾರ್ಕಿಂಗಿನಲ್ಲಿ ಇದೇ. ಫ್ರಾನ್ಸಿನ ಜೊತೆ ಯುದ್ಧವಾಗಿ ಅಲ್ಲಿಯ ವೈನು ಬರುವುದು ನಿಂತಾಗ ಇಂಗ್ಲಿಷರು ಪೋರ್ಚುಗಲ್ಲಿಗೆ ತಿರುಗಿದ್ದು. ಸಮುದ್ರದ ಮೇಲೆ ಕೆಡುತ್ತದೆಂದು ಪೀಪಾಯಿಗೆ ಬ್ರಾಂದಿ ಬೆರೆಸಿದ್ದು. ಬಟ್ಟೆ, ಉಪ್ಪುಮೀನು ಮಾರಲು ಹೋದ ಗುಮಾಸ್ತರು ಅಲ್ಲೇ ನೆಲೆ ನಿಂತು ವೈನಿನ ಮನೆತನಗಳಾದದ್ದು. "ಏಳು ತಲಿ ಆದ್ರೂ ಊರಿಗೆ ಹೋಗ್ತೀವಿ ಅಂದ್ರ ಇಂಗ್ಲೆಂಡಿಗಂತ ಅವ್ರು. ಹುಡುಗರನ್ನ ಇಲ್ಲೇ ಓದಸ್ತಾರ, ಸಂಬಂಧನೂ ಇಲ್ಲೇ ನೋಡ್ತಾರ. ಥೇಟ್ ನಮ್ಮ ಹಂಗ!"

ಶೆರ್ರಿ ಎಂಬ ಸ್ಪೇನಿನ ವೈನಿನ ವಿಷಯವನ್ನು ನನಗೆ ಮೊಸರಿನಿಂದ ತಿಳಿಸಿದರು. ಪೀಪಾಯಿಗಳನ್ನು ಸಾಲು ಸಾಲಾಗಿ ಒಂದರ ಮೇಲೊಂದು ಪೇರಿಸುತ್ತಾರೆ. ಕೆಳಗಿನ ಸಾಲಿನಿಂದ ಸ್ವಲ್ಪ ತೆಗೆದರೆ ಮೇಲಿನ ಸಾಲಿನ ಎಳೆಯದನ್ನು ಅದಕ್ಕೆ ತುಂಬುತ್ತಾರೆ. ಯಾವ ಪೀಪಾಯಿಯೂ ಎಂದೂ ಬರಿದಾಗುವುದಿಲ್ಲ. "ನಮ್ಮವ್ವನ ಹೆಪ್ಪಿನ ಗತೆ. ಅಕೀ ಲಗ್ನದಾಗ ತಂದ ಹೆಪ್ಪು ಇವತ್ತಿನ ಮೊಸರಿನಾಗೂ ಅದ." ಆ ಶೆರ್ರಿಯ ಮೇಲೆ ಬಿಳಿ ಬೂಷ್ಟಿನ ಕೆನೆ ಕಟ್ಟುತ್ತದಂತೆ, ಅದೇ ವೈನನ್ನು ಗಾಳಿಯಿಂದ ಕಾಯುತ್ತದಂತೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ನಾವು ಭರಣಿಯನ್ನೇ ತಿಪ್ಪೆಗೆ ಸುರಿಯುವವರು. ನನಗೆ ಅದು ಸರಿಬೀಳಲಿಲ್ಲ. ಹಾಗೆಂದು ಹೇಳಿದೆ ಕೂಡ.

ಮೂರು ನಿಮಿಷ ಒಂದೆಡೆ ನಿಲ್ಲಲಾಗದ ಮನುಷ್ಯ, ಮೂವತ್ತು ವರ್ಷ ಅಲುಗಾಡದೆ ಮಲಗಬೇಕಾದ ವಸ್ತುವನ್ನು ಇಷ್ಟು ಪ್ರೀತಿಸಿದ್ದು ಯಾಕೆ ಎಂದು ನಾನು ಕೇಳಲಿಲ್ಲ. ಈಗ ಕೇಳಬಹುದಿತ್ತು ಅನ್ನಿಸುತ್ತದೆ.

ತೊಂಬತ್ತರ ದಶಕದ ಕೊನೆಗೆ ಅವರ ತಂದೆ ಹೋದರು. ತಾಯಿಯನ್ನು ಇಲ್ಲಿಗೆ ಕರೆತಂದರು. ಮಡಿಯ ಹೆಂಗಸು. ದೇವರ ಕೋಣೆ ಇರುವ ಮನೆಯಲ್ಲಿ ಆ ಪೆಟ್ಟಿಗೆ ಇರುವಂತಿಲ್ಲ. ಒಂದು ಶನಿವಾರ ಬೆಳಿಗ್ಗೆ ಕಾರು ನನ್ನ ಗೇಟಿಗೆ ಅಡ್ಡ ನಿಂತಿತು, ಎಂಜಿನ್ ಆರಿಸಿರಲಿಲ್ಲ.

"ಅಕ್ಕಾರ, ನಿಮ್ಮ ಮನ್ಯಾಗ ನೆಲಮಾಳಿಗಿ ಅದ. ತಂಪು ಅದ, ಕತ್ತಲಿ ಅದ. ನೀವು ಕುಡಿಯೂದಿಲ್ಲ, ನಿಮ್ಮಂಥ ಕಾವಲು ಎಲ್ಲಿ ಸಿಗ್ತದ? ಮಗಳ ಇಪ್ಪತ್ತೊಂದರ ತನಕ."

"ಹೇಗೆ ಇಡಬೇಕು, ಸರಿಯಾಗಿ ಹೇಳಿ."

"ಮಲಗಿಸಿಡ್ರಿ, ಅಷ್ಟ. ಉಳಿದದ್ದು ಆಮ್ಯಾಲೆ ಹೇಳ್ತೀನಿ."

ಆಮೇಲೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೋಡಿಕೊಳ್ಳುವುದು ನನಗೆ ಬರುತ್ತದೆ ಎಂದುಕೊಂಡಿದ್ದೆ.

ನೆಲಮಾಳಿಗೆಯಲ್ಲಿ ಕಲ್ಲಿನ ಗೂಡುಗಳಿದ್ದವು. ಬಾಟಲಿಗಳನ್ನು ಹೊರಗೆ ತೆಗೆದೆ. ಮೈಮೇಲೆ ಹದಿನೈದು ವರ್ಷದ ಧೂಳು, ಜೇಡದ ಬಲೆ. ಸಾಲದ್ದಕ್ಕೆ ಪ್ರತಿಯೊಂದರ ಮೇಲೂ ಒಂದು ಕಡೆ ಸುಣ್ಣ ಚಿಮ್ಮಿದ ಬಿಳಿ ಕಲೆ. ಯಾರೋ ಗೋಡೆಗೆ ಸುಣ್ಣ ಹೊಡೆಯುವಾಗ ಬಟ್ಟೆ ಮುಚ್ಚಿಲ್ಲ ಎಂದು ಬೈದುಕೊಂಡೆ. ಬಿಸಿನೀರು, ಸೋಪು, ಪಾತ್ರೆ ಉಜ್ಜುವ ಜುಂಗು. ಹನ್ನೆರಡೂ ಫಳಫಳ ಹೊಳೆಯುವಂತೆ ಉಜ್ಜಿದೆ. ಅವತ್ತಿನಿಂದ ಪ್ರತಿ ಭಾನುವಾರ ತಿಂಡಿಯ ನಂತರ ಒಂದೊಂದನ್ನೂ ಎತ್ತಿ ಒರೆಸಿ, ಕಾಲು ಸುತ್ತು ತಿರುಗಿಸಿ ಮಲಗಿಸುತ್ತಿದ್ದೆ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಲಿತ ಪಾಠ ಅದು: ಮಲಗಿದವರನ್ನು ಒಂದೇ ಮಗ್ಗುಲಲ್ಲಿ ಬಿಡಬಾರದು, ಬೆನ್ನು ಹುಣ್ಣಾಗುತ್ತದೆ. ಮಾಡಿದ್ದಕ್ಕೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ.

ಮರುವರ್ಷದ ರಜೆಯಲ್ಲಿ ಅವರು ಪೋರ್ಚುಗಲ್ಲಿಗೆ ಹೋಗಿ ಒಂದು ವೈನ್ ಮನೆತನದ ತೋಟದಲ್ಲಿ ದ್ರಾಕ್ಷಿ ತುಳಿದು ಬಂದರು. ಸೊಂಟದಷ್ಟು ಎತ್ತರದ ಕಲ್ಲಿನ ತೊಟ್ಟಿ, ತೊಡೆಯವರೆಗೆ ದ್ರಾಕ್ಷಿ. ಮೊದಲ ಎರಡು ಗಂಟೆ ಹೆಗಲಿಗೆ ಹೆಗಲು ಸೇರಿಸಿ ಸಾಲಾಗಿ ನಿಂತು, ಒಬ್ಬ ಎಡ ಬಲ ಎಂದು ಕೂಗಿದ ಹಾಗೆ ಒಟ್ಟಿಗೆ ಹೆಜ್ಜೆ ಹಾಕಬೇಕು. ಹಣ್ಣು ಒಡೆಯಬೇಕು, ಬೀಜ ಒಡೆಯಬಾರದು. ಬೀಜ ಒಡೆದರೆ ಕಹಿ. ಕಾಲಿನಷ್ಟು ಮೆತ್ತಗೆ ಯಾವ ಯಂತ್ರವೂ ತುಳಿಯುವುದಿಲ್ಲವಂತೆ. ಎರಡು ಗಂಟೆಯಾದ ಮೇಲೆ ಬಿಡುಗಡೆ. ಡೋಲು, ಹಾಡು, ತೊಟ್ಟಿಯೊಳಗೇ ಕುಣಿತ.

"ಮೊದಲಿನ ಎರಡು ತಾಸು ನಿಮ್ಮದು ಅಕ್ಕಾರ. ಆಮ್ಯಾಲಿಂದೆಲ್ಲ ನಂದು" ಎಂದರು.

ಟಿವಿಡೇಲಿನಲ್ಲಿ ಆಗ ಬಾಲಾಜಿ ದೇವಸ್ಥಾನ ಇನ್ನೂ ಕಟ್ಟುತ್ತಿದ್ದರು. ಅವರು ಮರಳಿ ಬಂದ ಶನಿವಾರ ಅಲ್ಲಿನ ಪೂಜೆಗೆ ನಾವೆಲ್ಲ ಹೋಗಿದ್ದೆವು. ಬೂಟು, ಕಾಲುಚೀಲ ಕಳಚಿದರೆ ಅವರ ಪಾದ ಮೀನಖಂಡದವರೆಗೆ ನೇರಳೆ. ತಾಯಿ ನೋಡಿದರು.

"ಏನೋ ಇದು ಕಾಲು?"

"ದ್ರಾಕ್ಷಿ ತುಳದೆ, ಅವ್ವಾ."

"ಕಾಲಿಲೆ ತುಳದದ್ದನ್ನ ಯಾರು ತಿಂತಾರೊ?"

"ಇಂಗ್ರೇಜರು."

ಮುದುಕಿ ಒಂದು ಕ್ಷಣ ಯೋಚಿಸಿದರು. "ಹಂಗಾದ್ರ ತುಳಿ."

ನಾವು ಪ್ರಸಾದ ತೆಗೆದುಕೊಳ್ಳುವಾಗಲೂ ನಗುತ್ತಿದ್ದೆವು. ನಾನು ಅವರ ಜೊತೆ ಹಗುರ ಮನಸ್ಸಿನಿಂದ ನಕ್ಕದ್ದು ಅದೇ ಕೊನೆ ಇರಬೇಕು, ಮುಂದಿನ ಎರಡು ವರ್ಷಕ್ಕೆ.

ಯಾಕೆಂದರೆ ಕೆಲವು ವಾರದ ನಂತರ, ಒಂದು ದೊಡ್ಡ ಆಪರೇಷನ್ ಮುಗಿದು ಹೊಟ್ಟೆ ಹೊಲಿಯುತ್ತಿದ್ದಾಗ, ಹೊಸ ಸಿಸ್ಟರೊಬ್ಬಳು ಪೋರ್ಟಿಗೂ ಬೇರೆ ವೈನಿಗೂ ಏನು ವ್ಯತ್ಯಾಸ ಎಂದು ಕೇಳಿದಳು. ಉಳಿದವರು ಕಣ್ಣು ಮುಚ್ಚಿಕೊಂಡರು. ಅವರು ಸೂಜಿ ನಿಲ್ಲಿಸದೆ ಶುರುಮಾಡಿದರು. ಬಹುಪಾಲು ಪೋರ್ಟು ಪೀಪಾಯಿಯಲ್ಲೇ ಹಣ್ಣಾಗುತ್ತದೆ. ಒಳ್ಳೆಯ ವರ್ಷದ್ದು ಮಾತ್ರ ಎರಡು ವರ್ಷಕ್ಕೇ, ಸೋಸದೆ, ಬಾಟಲಿಗೆ ಇಳಿಯುತ್ತದೆ. ಅದರ ಗಸಿ ವರ್ಷಗಟ್ಟಲೆ ನಿಧಾನವಾಗಿ ಇಳಿದು ಬಾಟಲಿಯ ಕೆಳಮಗ್ಗುಲಲ್ಲಿ ಪದರ ಕಟ್ಟುತ್ತದೆ. ಆ ಪದರ ಒಡೆಯಬಾರದು. ಅದಕ್ಕೇ ಹಳೆಯ ಕಾಲದ ವ್ಯಾಪಾರಿಗಳು ಬಾಟಲಿಯ ಮೇಲ್ಮಗ್ಗುಲಿಗೆ ಒಂದು ಕುಂಚ ಸುಣ್ಣ ಹಚ್ಚುತ್ತಾರೆ. ಎಲ್ಲಿಗೆ ಸಾಗಿಸಿದರೂ ಬಿಳಿ ಗೆರೆ ಮೇಲಕ್ಕೆ.

"ಅಲ್ಲಾಡಿಸಿದ್ರೆ?" ಎಂದಳು ಸಿಸ್ಟರ್, ಇಂಗ್ಲಿಷಿನಲ್ಲಿ.

"ಕೊಲೆ" ಎಂದರು, ಇಂಗ್ಲಿಷಿನಲ್ಲೇ. ಆಮೇಲೆ ನನ್ನ ಕಡೆ ಮುಖ ಮಾಡಿ ಕನ್ನಡದಲ್ಲಿ, "ನಮ್ಮ ಅಕ್ಕಾರ ಹತ್ರ ಹನ್ನೆರಡು ಸುರಕ್ಷಿತ ಅವ."

ಮಾನಿಟರಿನಲ್ಲಿ ಕಾಣುತ್ತಿದ್ದದ್ದು ರೋಗಿಯ ನಾಡಿ. ನನ್ನದಾಗಿದ್ದರೆ ಎಲ್ಲರೂ ಓಡಿಬರುತ್ತಿದ್ದರು.

ಸಂಜೆ ಮನೆಗೆ ಬಂದು ಕೋಟು ತೆಗೆಯದೆ ಕೆಳಗಿಳಿದೆ. ದೀಪ ಹಾಕಿದರೆ ಹನ್ನೆರಡೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದರ ಮೇಲೂ ಬಿಳಿಯ ಚುಕ್ಕೆ ಇರಲಿಲ್ಲ. ಟಾರ್ಚ್ ಹಿಡಿದು ನೋಡಿದೆ. ಗಾಜಿನೊಳಗೆ ಕಪ್ಪು ಚೂರುಗಳು ತೇಲಿ ತಿರುಗುತ್ತಿದ್ದವು, ಕದಡಿದ ಕೆರೆಯ ಹಾಗೆ.

ಮೇಜಿನ ಖಾನೆಯಲ್ಲಿ ವೈಟ್ನರಿನ ಸಣ್ಣ ಶೀಸೆ ಇತ್ತು. ಅದನ್ನು ತಂದೆ. ಮುಚ್ಚಳ ತೆಗೆದೆ. ಹನ್ನೆರಡು ಗೆರೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಯಾವ ಕಡೆ ಮೇಲೆ? ಎತ್ತಿ ಒರೆಸಿ ಇಟ್ಟ ರಭಸದಲ್ಲಿ ಮೂಲ ಮಗ್ಗುಲು ಎಂದೋ ಕಳೆದುಹೋಗಿತ್ತು. ಸುಳ್ಳು ಹೇಳುವುದಕ್ಕೂ ನಿಜ ಗೊತ್ತಿರಬೇಕು. ನನ್ನ ಸೇವಾವಧಿಯಲ್ಲಿ ಒಬ್ಬ ರೋಗಿಯ ಚಾರ್ಟನ್ನೂ ತಿದ್ದಿದವಳಲ್ಲ. ವೈಟ್ನರ್ ಖಾನೆಗೆ ಹೋಯಿತು. ಆದರೆ ಬಾಯಿಯೂ ಬಿಡಲಿಲ್ಲ. ಎರಡು ವರ್ಷ.

ಆ ಎರಡು ವರ್ಷ ನನಗೆ ನೆಮ್ಮದಿ ಇರಲಿಲ್ಲ. ಭಾನುವಾರ ತಿಂಡಿಯಾದ ಮೇಲೆ ಕೈ ಏನೋ ಹುಡುಕುತ್ತಿತ್ತು. ಬೆಳ್ಳಿ ಸಾಮಾನು ಉಜ್ಜಿದೆ, ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ. ಅವರು ಕಾರಿಡಾರಿನಲ್ಲಿ ಎದುರಾದರೆ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅವರು ಮೆಟ್ಟಿಲ ಮೇಲಿರುತ್ತಿದ್ದರು. "ಇನ್ನ ಹದಿನಾಲ್ಕು ತಿಂಗಳ ಅಕ್ಕಾರ!" "ಇನ್ನ ಆರು ತಿಂಗಳ!" ಆಸ್ಪತ್ರೆಯ ವಾರ್ಷಿಕ ಊಟದಲ್ಲಿ ಪೋರ್ಟಿನ ಹೂಜಿ ಮೇಜಿನ ಸುತ್ತ ಬಂದಾಗ ನಾನು ಗಲಿಬಿಲಿಯಲ್ಲಿ ಬಲಕ್ಕೆ ಕೊಟ್ಟೆ. ಅದು ಯಾವಾಗಲೂ ಎಡಕ್ಕೇ ಸಾಗಬೇಕಂತೆ. ಅವರು ಎದ್ದು ಬಂದು ಅದನ್ನು ಸರಿದಾರಿಗೆ ಹಾಕಿ ನನ್ನ ಕಿವಿಯಲ್ಲಿ ಅಂದರು: "ಎಡಗೈಲೆ ಕೊಟ್ರ ನಮ್ಮವ್ವ ಹೊಡೀತಿದ್ಲು. ಎಡಕ್ಕ ಕೊಡದಿದ್ರ ಇವ್ರು ಹೊಡೀತಾರ. ಯಾಕ, ಮೈಯಾಗ ಆರಾಮ ಇಲ್ಲೇನ್ರಿ?" ಇಲ್ಲ ಎಂದೆ. ಅದು ನಿಜವೇ.

ಮಗಳ ಹುಟ್ಟುಹಬ್ಬಕ್ಕೆ ಹದಿನೈದು ದಿನವಿದ್ದಾಗ ಫೋನ್ ಬಂತು. ಗಸಿ ತಳಕ್ಕಿಳಿಯಲು ಒಂದು ಬಾಟಲಿಯನ್ನು ಈಗಲೇ ನೆಟ್ಟಗೆ ನಿಲ್ಲಿಸಬೇಕು, ಬರುತ್ತೇನೆ ಎಂದರು. ಹತ್ತು ನಿಮಿಷದಲ್ಲಿ ಬಂದರು. ನೆಲಮಾಳಿಗೆಯ ಬಾಗಿಲಲ್ಲೇ ಅಡ್ಡ ನಿಂತು ಎಲ್ಲ ಹೇಳಿದೆ. ಜುಂಗು, ಸೋಪು, ಬಿಳಿ ಕಲೆ, ಕಾಲು ಸುತ್ತು. ಎರಡು ವರ್ಷ ಮುಚ್ಚಿಟ್ಟದ್ದನ್ನೂ.

ಅವರು ಕೆಳಗಿಳಿದು ನೋಡಿದರು, ಒಂದು ಬಾಟಲಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಮೇಲೆ ಹತ್ತುವಾಗ ನಡುಮೆಟ್ಟಿಲಲ್ಲಿ ಕೂತುಬಿಟ್ಟರು.

"ಎಷ್ಟು ಸಲ?"

"ಎಪ್ಪತ್ತೊಂದು ಭಾನುವಾರ. ಕ್ಯಾಲೆಂಡರಿನಲ್ಲಿ ಗುರುತಿದೆ."

"ಹದಿನೇಳು ಮುಕ್ಕಾಲು ಸುತ್ತು" ಎಂದರು. "ಪ್ರದಕ್ಷಿಣಿ ಹಾಕಿಸೀರಿ ಅವಕ್ಕ."

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಯಾರಿಗೋ ಹೇಳುವಂತೆ, ಮದೀರಾ ದ್ವೀಪದ ವೈನಿನ ಮಾತು ತೆಗೆದರು. ಹಿಂದೆ ಅಲ್ಲಿಯ ಪೀಪಾಯಿಗಳು ಹಡಗಿನಲ್ಲಿ ನಮ್ಮ ಇಂಡಿಯಾಕ್ಕೆ ಬಂದು, ಮಾರಾಟವಾಗದೆ ಹಾಗೇ ತಿರುಗಿ ಹೋಗುತ್ತಿದ್ದವು. ತಿಂಗಳುಗಟ್ಟಲೆ ಬಿಸಿಲು, ಉರುಳಾಟ. ಹಾಳಾಯಿತು ಎಂದು ತೆರೆದು ನೋಡಿದರೆ ಮೊದಲಿಗಿಂತ ರುಚಿ. ಆಮೇಲೆ ಬೇಕೆಂದೇ ಹಡಗಿಗೆ ಏರಿಸತೊಡಗಿದರು. ಈಗ ಅಟ್ಟದ ಕಾವಿನಲ್ಲಿಟ್ಟು ಅದೇ ಕೆಲಸ ಮಾಡುತ್ತಾರೆ. ನನಗೆ ಜೀವ ಬಂದಂತಾಯಿತು.

"ಆದ್ರ ಇದು ಮದೀರಾ ಅಲ್ಲ" ಎಂದು ಎದ್ದು ಹೋದರು.

ಸೋಮವಾರದ ಲಿಸ್ಟಿನಲ್ಲಿ ನಾಲ್ಕು ಆಪರೇಷನ್ ಇದ್ದವು. ಟೇಬಲ್ಲಿನ ಕೆಳಗಿನಿಂದ ಸದ್ದು ಬರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರ ಕಾಲು ಸುಮ್ಮನಿದ್ದದ್ದು ಅವತ್ತು ಮಾತ್ರ. ಸಿಸ್ಟರುಗಳು ನನ್ನ ಮುಖ ನೋಡುತ್ತಿದ್ದರು. ಒಬ್ಬರು ಬೈದರೆ ಕೇಳಿಸಿಕೊಳ್ಳಬಹುದು. ಆ ನಿಂತ ಕಾಲನ್ನು ಕೇಳಿಸಿಕೊಳ್ಳುವುದು ಕಷ್ಟ.

ಹುಟ್ಟುಹಬ್ಬದ ದಿನ, ಮಧ್ಯಾಹ್ನದ ಊಟಕ್ಕೆ, ಗಂಡ, ಹೆಂಡತಿ, ಮಗಳು ಮೂವರೂ ನನ್ನ ಮನೆಗೆ ಬಂದರು. ಮಗಳು ಲೀಡ್ಸ್‌ನಲ್ಲಿ ಓದುತ್ತಿದ್ದವಳು ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದಳು. ಅವರು ನೆಟ್ಟಗೆ ನಿಲ್ಲಿಸಿ ಹೋಗಿದ್ದ ಬಾಟಲಿಯನ್ನು ನಾನು ಹದಿನೈದು ದಿನ ನೋಡಿಯೂ ಇರಲಿಲ್ಲ. ಅವರು ಬಿರಡೆ ಎಳೆದರು. ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಇಟ್ಟರು; ಗಸಿ ಕತ್ತಿಗೆ ಬಂದದ್ದು ಆ ಬೆಳಕಿನಲ್ಲಿ ಕಾಣುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಹೂಜಿಗೆ ಬಗ್ಗಿಸತೊಡಗಿದರು. ಒಂದೇ ಎಳೆ, ನಡುಕವಿಲ್ಲ, ಗುಳು ಗುಳು ಸದ್ದಿಲ್ಲ. ಕೂದಲೆಳೆಯಷ್ಟು ರಕ್ತನಾಳ ಹೊಲಿಯುವ ಕೈ. ಅರ್ಧ ಬಾಟಲಿಗೇ ಕತ್ತು ಕಪ್ಪಾಯಿತು. ನಿಲ್ಲಿಸಿದರು. ಅರ್ಧ ಹೋಯಿತು.

ಮಗಳು ಮೊದಲು ಕುಡಿಯಬೇಕು. ಕುಡಿದಳು. ಮುಖ ಕಿವುಚಿದಳು.

"ಡ್ಯಾಡ್, ಇಟ್ಸ್ ಕಾಫ್ ಮಿಕ್ಸ್ಚರ್!"

ಇಪ್ಪತ್ತೊಂದು ವರ್ಷ. ಅವರು ತಮ್ಮ ಗ್ಲಾಸು ತೆಗೆದುಕೊಂಡು ಮೂಸಿದರು, ಒಂದು ಗುಟುಕು ಬಾಯಲ್ಲಿಟ್ಟುಕೊಂಡರು. ಕಿಟಕಿಗೆ ಹೋಗಲಿಲ್ಲ, ಬಾಗಿಲಿಗೆ ಹೋಗಲಿಲ್ಲ, ಇದ್ದಲ್ಲೇ ನಿಂತರು. ಹೆಂಡತಿ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಆಗ ಕೇಳಿಸಿತು. ಟಕ್. ಟಕ್ ಟಕ್.

"ಬದುಕ್ಯದ" ಎಂದರು. "ಪೆಟ್ಟು ತಿಂದದ, ಆದ್ರ ಬದುಕ್ಯದ. ಇನ್ನೂ ಎಳೇದು. ಇನ್ನೊಂದು ಇಪ್ಪತ್ತು ವರ್ಷ ಬಿಟ್ರ ಗಸಿ ಮತ್ತ ಕೂಡ್ತದ."

"ಟ್ವೆಂಟಿ ಇಯರ್ಸ್!" ಎಂದಳು ಮಗಳು.

ಕಾರಿನಿಂದ ಒಂದು ಡಬ್ಬಿಯಲ್ಲಿ ಸುಣ್ಣ, ಒಂದು ಕುಂಚ ತಂದರು. ಮೊದಲೇ ತಂದಿಟ್ಟುಕೊಂಡಿದ್ದರು ಎಂಬುದು ನನಗೆ ಹೊಳೆದದ್ದು ಆಮೇಲೆ. ಕೆಳಗಿಳಿದು, ಮಲಗಿದ್ದ ಹನ್ನೊಂದಕ್ಕೂ ಮಲಗಿದ್ದ ಹಾಗೆಯೇ ಒಂದೊಂದು ಗೆರೆ ಎಳೆದರು. "ಹಿಂದಿನ ಮಗ್ಗಲು ಬಿಡ್ರಿ. ಇವತ್ತಿನಿಂದ ಇದು ಮ್ಯಾಲ." ಆಮೇಲೆ ಕಾಗದ ಕೇಳಿದರು. ಥಿಯೇಟರಿನ ಡ್ಯೂಟಿ ಪಟ್ಟಿಯಂತೆ ಚೌಕ ಚೌಕ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೂಡಿನ ಪಕ್ಕ ಅಂಟಿಸಿದರು: ಭಾನುವಾರ, ಏನೂ ಮಾಡಬಾರದು.

"ಮಾಡದಿದ್ದದ್ದಕ್ಕೂ ಗುರುತು ಹಾಕ್ರಿ ಅಕ್ಕಾರ. ಇಲ್ಲಾಂದ್ರ ನಿಮಗ ತಡೀಲಿಕ್ಕಾಗೂದಿಲ್ಲ."

ನನ್ನನ್ನು ಅಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಗುರುತು ಹಾಕುತ್ತ ಬಂದೆ. ಹಾಳೆ ತುಂಬಿದಾಗೆಲ್ಲ ಅವರೇ ಬಂದು, ಎಂಜಿನ್ ಆರಿಸದೆ, ಹೊಸ ಹಾಳೆ ಬರೆದು ಅಂಟಿಸಿ ಹೋಗುತ್ತಿದ್ದರು.

ಹೋದ ಮಾರ್ಚಿಯಲ್ಲಿ, ಓದು ಮುಗಿದ ಮೇಲೂ ಲೀಡ್ಸಿನಲ್ಲೇ ಉಳಿದಿದ್ದ ಮಗಳನ್ನು ನೋಡಲು ಹೊರಟಿದ್ದರು. ಲೀಡ್ಸ್ ರೈಲು ಇಪ್ಪತ್ತು ನಿಮಿಷ ತಡ ಎಂದು ಬೋರ್ಡಿನಲ್ಲಿ ಬಂತು. ಬರ್ಮಿಂಗ್‌ಹ್ಯಾಮ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾಗ ಹೃದಯ ನಿಂತಿತು. ಪಕ್ಕದಲ್ಲೇ ಬೆಂಚು ಖಾಲಿ ಇತ್ತಂತೆ.

ಕಾರ್ಯಗಳೆಲ್ಲ ಮುಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಮಗಳು ಬಾಟಲಿಗಳನ್ನು ಒಯ್ಯಲು ಬಂದಳು. ನೆಲಮಾಳಿಗೆಗೆ ಇಳಿದವಳೇ, "ಓ ಗಾಡ್ ಆಂಟಿ, ನಿಮ್ಮ ಮನೇಲಿ ಇಷ್ಟು ಡಸ್ಟ್?" ಎಂದು ಅಲ್ಲೇ ಇದ್ದ ಬಟ್ಟೆ ಎತ್ತಿಕೊಂಡಳು. ನಾನು ಅವಳ ಮಣಿಕಟ್ಟು ಹಿಡಿದೆ. ಬಹುಶಃ ನೋವಾಗುವಷ್ಟು ಬಿಗಿಯಾಗಿ.

"ಮುಟ್ಟಬೇಡ."

ಅವಳು ಬಟ್ಟೆ ಇಟ್ಟಳು. ಗೋಡೆಯ ಹಾಳೆ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಡ್ಯಾಡ್ಸ್ ರೈಟಿಂಗ್. ವಾಟ್ ಡಸ್ ಇಟ್ ಸೇ?"

ಓದಿ ಹೇಳಿದೆ. ಅವಳು ಹಾಳೆಯ ಎದುರೇ ನಿಂತಿದ್ದಳು. ಕಲ್ಲುಹಾಸಿನ ಮೇಲೆ ಅವಳ ಒಂದು ಕಾಲು ತಾಳ ಹಾಕುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

"ಲೀವ್ ದೆಮ್ ಹಿಯರ್, ಆಂಟಿ" ಎಂದಳು. "ನಾನು ಬರ್ತೀನಿ."

ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ತೆಗೆದುಕೊಂಡು ಆ ಭಾನುವಾರದ ಚೌಕದಲ್ಲಿ ತಾನೇ ಗುರುತು ಹಾಕಿದಳು. ಓರೆಯಾಗಿ, ಪಕ್ಕದ ಚೌಕಕ್ಕೆ ಚಾಚುವ ಹಾಗೆ. ನಾನು ಅದನ್ನು ಸರಿಮಾಡಲಿಲ್ಲ.